ಕೀಮೋ ಒಂದು ದಿನ, ಮನೆಯಲ್ಲಿ 20 ದಿನ: ಕೈಯಲ್ಲಿರುವ ಫೋನು ಏನು ಮಾಡಬಲ್ಲದು?

ನಮ್ಮ ಅತ್ತೆ ಶ್ರೀನಿವಾಸಪುರದ ಹತ್ತಿರದ ಒಂದು ಹಳ್ಳಿಯವರು. ಹೂ ಕಟ್ಟುವುದರಲ್ಲಿ ಅವರ ಕೈ ತುಂಬಾ ಚುರುಕು. ಕನಕಾಂಬರ ಆಗಲಿ, ಸೇವಂತಿಗೆ ಆಗಲಿ, ಟಿವಿ ನೋಡುತ್ತಲೇ ಮಾರುಗಟ್ಟಲೆ ಕಟ್ಟಿ ಮುಗಿಸುತ್ತಿದ್ದರು. ಸ್ತನ ಕ್ಯಾನ್ಸರಿಗೆ ಕೀಮೋ ಶುರುವಾಗಿ ಕೆಲವು ತಿಂಗಳಾದ ಮೇಲೆ ಒಂದು ಸಂಜೆ ದಾರ ಕೆಳಗಿಟ್ಟು, "ದಾರ ಕೈಗೆ ಗೊತ್ತಾಗ್ತಾನೇ ಇಲ್ಲ ಕಣೋ" ಅಂದರು. ಬೆರಳ ತುದಿಯೆಲ್ಲ ಜೋಮು. ಎಷ್ಟು ದಿನದಿಂದ ಹೀಗೆ ಅಂತ ಕೇಳಿದರೆ, ಎರಡು ಕೀಮೋ ಹಿಂದಿನಿಂದಲೇ ಅಂತೆ. ಆ ಎರಡೂ ಸಲ ಡಾಕ್ಟರು "ಹೇಗಿದ್ದೀರಮ್ಮಾ" ಅಂತ ಕೇಳಿದಾಗ ನಾನು ಪಕ್ಕದಲ್ಲೇ ನಿಂತಿದ್ದೆ. ಎರಡೂ ಸಲ ಅವರು ಕೊಟ್ಟ ಉತ್ತರ ಒಂದೇ: "ಚೆನ್ನಾಗಿದೀನಿ ಸಾರ್."

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಬಸ್ಸು ಹತ್ತಿ, ಕೋಲಾರ ದಾಟಿ ಬೆಂಗಳೂರು ಸೇರಿ, ಚೀಟಿ ಮಾಡಿಸಿ, ರಕ್ತ ಕೊಟ್ಟು, ರಿಪೋರ್ಟಿಗೆ ಕಾದು, ಕೊನೆಗೂ ಡಾಕ್ಟರ ಮುಂದೆ ಕೂತಾಗ ಸಿಗುವುದು ನಾಲ್ಕೈದು ನಿಮಿಷ. ಬೆನ್ನ ಹಿಂದೆ ಇನ್ನೂ ಐವತ್ತು ಜನ ಕಾಯುತ್ತಿರುತ್ತಾರೆ. ಜೋಮು ಅಂದರೆ ಎಲ್ಲಿ ಕೀಮೋ ನಿಲ್ಲಿಸಿಬಿಡುತ್ತಾರೋ ಅನ್ನುವ ಭಯ ಬೇರೆ. ಹೋದ ವಾರ ಬಾಯಿ ಹುಣ್ಣಾಗಿ ಮೂರು ದಿನ ಊಟ ಬಿಟ್ಟದ್ದು ಈ ವಾರ ನೆನಪಿಗೇ ಬರುವುದಿಲ್ಲ, ಯಾಕೆಂದರೆ ಈಗ ಬಾಯಿ ಸರಿಹೋಗಿದೆ.

ಮೂರು ವಾರಕ್ಕೊಮ್ಮೆ ಕೀಮೋ ಅಂದರೆ ಲೆಕ್ಕ ಹೀಗಿದೆ: ಒಂದು ದಿನ ಆಸ್ಪತ್ರೆ, 20 ದಿನ ಮನೆ. ಡಾಕ್ಟರು, ನರ್ಸು, ಮೆಷಿನ್ನು ಎಲ್ಲ ಆ ಒಂದು ದಿನದಲ್ಲಿ. ಸಂಕಟ ಪೂರ್ತಿ ಈ 20 ದಿನದಲ್ಲಿ. ಮನೆಯಲ್ಲಿ ಆಗುವುದನ್ನು ಆಗುವ ದಿನವೇ ಆಸ್ಪತ್ರೆಗೆ ತಲುಪಿಸುವುದು ಹೇಗೆ ಅನ್ನುವುದೇ ನಾನು ಇಲ್ಲಿ ಬಿಡಿಸಿ ಹೇಳಲು ಹೊರಟಿರುವ ವಿಷಯ. ಕೋಲಾರದ ಮಾರ್ಕೆಟ್ಟಿನಲ್ಲಿ ಇವತ್ತು ಟೊಮೆಟೊ ಬಾಕ್ಸು ಎಷ್ಟಕ್ಕೆ ಹೋಯಿತು ಅಂತ ನಮ್ಮ ಊರಿನಲ್ಲಿ ಬೆಳಿಗ್ಗೆಯೇ ಎಲ್ಲರ ವಾಟ್ಸ್ಆಪ್‌ಗೂ ಬಂದುಬಿಡುತ್ತದೆ. ಅದೇ ಫೋನಿನಿಂದ ಈ ಕೆಲಸವೂ ಆಗಬಹುದು, ಅಲ್ವಾ?

ಮೈಯಲ್ಲಿ ಯಾವಾಗ ಏನಾಗುತ್ತದೆ

ಮೊದಲು ಅಡ್ಡಪರಿಣಾಮಗಳ ಕ್ಯಾಲೆಂಡರು ತಿಳಿದಿರಬೇಕು. ಕೀಮೋ ಔಷಧಿ ಬೇಗ ಬೇಗ ಬೆಳೆಯುವ ಜೀವಕೋಶಗಳಿಗೆ ಹೊಡೆಯುತ್ತದೆ. ಕ್ಯಾನ್ಸರ್ ಕೋಶ ಹಾಗೆ ಬೆಳೆಯುತ್ತದೆ, ನಿಜ. ಆದರೆ ಬಾಯಿಯ ಒಳಪದರ, ಕರುಳಿನ ಒಳಪದರ, ಕೂದಲಿನ ಬುಡ, ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆ ಇವೂ ಹಾಗೇ ಬೆಳೆಯುತ್ತವೆ. ಏಟು ಅವಕ್ಕೂ ಬೀಳುತ್ತದೆ.

ವಾಕರಿಕೆ, ವಾಂತಿ ಮೊದಲ ಕೆಲವು ದಿನದ್ದು. ಅದಕ್ಕೆ ಕೊಡುವ ಮಾತ್ರೆಯಿಂದಲೇ ಕೆಲವರಿಗೆ ಮಲಬದ್ಧತೆ ಆಗುತ್ತದೆ. ವಾಂತಿ ನಿಂತರೂ ಊಟ ಸೇರದಿರುವುದಕ್ಕೆ ಇದೂ ಒಂದು ಕಾರಣ. ಬಾಯಿ ಹುಣ್ಣು ಸಾಮಾನ್ಯವಾಗಿ ವಾರದ ಹೊತ್ತಿಗೆ ಏಳುತ್ತದೆ. ಎಲ್ಲಕ್ಕಿಂತ ಎಚ್ಚರ ಬೇಕಾದ್ದು 7ರಿಂದ 14ನೇ ದಿನದ ನಡುವೆ. ಬಹಳಷ್ಟು ಕೀಮೋಗಳಲ್ಲಿ ಬಿಳಿ ರಕ್ತಕಣ ತೀರಾ ಕೆಳಗೆ ಇಳಿಯುವುದು ಆಗಲೇ. ಆಸ್ಪತ್ರೆಯವರು "ಕೌಂಟ್ ಬಿದ್ದಿದೆ" ಅನ್ನುತ್ತಾರಲ್ಲ, ಅದು ಇದೇ. ಆ ದಿನಗಳಲ್ಲಿ ಸೋಂಕು ಬಂದರೆ ತಡೆಯುವುದಕ್ಕೆ ಮೈಯಲ್ಲಿ ಸೈನ್ಯವೇ ಇರುವುದಿಲ್ಲ. ನೋಡುವುದಕ್ಕೆ ಮನುಷ್ಯ ಮಾತ್ರ ಚೆನ್ನಾಗೇ ಇರುತ್ತಾನೆ. ವಾಂತಿ ನಿಂತಿದೆ, ಎದ್ದು ಓಡಾಡುತ್ತಿದ್ದಾರೆ, ನೆಂಟರು ಬಂದು ಮಾತಾಡಿಸಿ ಹೋಗುತ್ತಿದ್ದಾರೆ. ಮನೆಯವರು ಉಸಿರು ಬಿಡುವ ಹೊತ್ತಿಗೇ ಒಳಗೆ ಅಪಾಯ ಜಾಸ್ತಿ.

ಜೋಮು ಹಾಗಲ್ಲ. ಪ್ಯಾಕ್ಲಿಟಾಕ್ಸೆಲ್, ಆಕ್ಸಾಲಿಪ್ಲಾಟಿನ್‌ನಂಥ ಔಷಧಿಗಳಿಂದ ನರಗಳ ತುದಿ ನಿಧಾನವಾಗಿ ಪೆಟ್ಟು ತಿನ್ನುತ್ತಾ ಹೋಗುತ್ತದೆ. ಪ್ರತಿ ಕೀಮೋಗೂ ಒಂದಿಷ್ಟು ಸೇರುತ್ತದೆ. ಇದು ಯಾವ ರಕ್ತಪರೀಕ್ಷೆಯಲ್ಲೂ ಕಾಣುವುದಿಲ್ಲ. ಕೌಂಟ್ ಬಿದ್ದದ್ದನ್ನು ಲ್ಯಾಬು ಹೇಳುತ್ತದೆ. ಬೆರಳಿಗೆ ದಾರ ಗೊತ್ತಾಗುತ್ತಿಲ್ಲ ಅನ್ನುವುದನ್ನು ನಮ್ಮ ಅತ್ತೆಯೇ ಹೇಳಬೇಕು. ಅವರು ಹೇಳಿದರೆ ಡಾಕ್ಟರು ಡೋಸು ಕಡಿಮೆ ಮಾಡುತ್ತಾರೆ, ಮುಂದಕ್ಕೆ ಹಾಕುತ್ತಾರೆ, ಇಲ್ಲವೇ ಔಷಧಿ ಬದಲಿಸುತ್ತಾರೆ. ಹೇಳದಿದ್ದರೆ ಅದೇ ಡೋಸು ಮತ್ತೆ ಹತ್ತುತ್ತದೆ. ಆಕ್ಸಾಲಿಪ್ಲಾಟಿನ್ ಆದರೆ ಇನ್ನೊಂದು ವಿಚಿತ್ರ: ಔಷಧಿ ಹತ್ತಿದ ಮುಂದಿನ ದಿನಗಳಲ್ಲಿ ತಣ್ಣೀರು ಮುಟ್ಟಿದರೆ ಬೆರಳಿಗೆ ಮುಳ್ಳು ಚುಚ್ಚಿದ ಹಾಗೆ, ಕುಡಿದರೆ ಗಂಟಲು ಹಿಡಿದ ಹಾಗೆ ಆಗುತ್ತದೆ. ನಮ್ಮ ಕಡೆ ಡಿಸೆಂಬರಿನ ಚಳಿಯಲ್ಲಿ ಬೆಳಿಗ್ಗೆ ಎದ್ದು ತೊಟ್ಟಿ ನೀರಿಗೆ ಕೈ ಹಾಕುವ ಹೆಂಗಸರಿಗೆ ಇದನ್ನು ಮೊದಲೇ ಹೇಳಿಡಬೇಕು.

ರೇಡಿಯೇಷನ್, ಅಂದರೆ ಊರಲ್ಲಿ ಎಲ್ಲರೂ "ಕರೆಂಟ್ ಕೊಡೋದು" ಅನ್ನುವುದು, ಇನ್ನೊಂದು ತರಹ. ಮೊದಲ ವಾರ ಏನೂ ಇರುವುದಿಲ್ಲ. ಎರಡನೇ, ಮೂರನೇ ವಾರದಿಂದ ಚರ್ಮ ಕಪ್ಪಾಗುವುದು, ಬಾಯಿ ಒಣಗುವುದು, ನುಂಗಲು ಕಷ್ಟವಾಗುವುದು ಶುರು. ಮುಗಿದ ಮೇಲೂ ಒಂದೆರಡು ವಾರ ಅದು ಜೋರಾಗೇ ಇರುತ್ತದೆ. ಎಲೆಅಡಿಕೆ, ತಂಬಾಕಿನಿಂದ ಬಾಯಿ ಕ್ಯಾನ್ಸರ್ ಬಂದು ಕರೆಂಟ್ ಕೊಡಿಸಿಕೊಳ್ಳುವವರಿಗೆ ದೊಡ್ಡ ಸಮಸ್ಯೆ ತೂಕ ಇಳಿಯುವುದು. ಖಾರದ ಸಾರು ಬಾಯಿಗೆ ಸೋಕುವ ಹಾಗಿಲ್ಲ, ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ತಿಂಗಳಲ್ಲಿ ಮೈತೂಕದ ನೂರಕ್ಕೆ ಐದು ಪಾಲು ಹೋದರೂ ಡಾಕ್ಟರು ಅದನ್ನು ಗಂಭೀರವಾಗಿ ನೋಡುತ್ತಾರೆ. 60 ಕೆಜಿಯವರಿಗೆ ಅದು ಮೂರೇ ಕೆಜಿ. ಸೀರೆಯಲ್ಲಿ, ಪಂಚೆಯಲ್ಲಿ ಮೂರು ಕೆಜಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ರಾತ್ರಿ

ನಾವು ಇದನ್ನೆಲ್ಲ ಕಲಿತದ್ದು ಒಂದು ತಪ್ಪಿನಿಂದ. ಎರಡನೇ ಕೀಮೋ ಆಗಿ 10ನೇ ದಿನ. ರಾತ್ರಿ ಒಂಬತ್ತಕ್ಕೆ ಅತ್ತೆಗೆ ಮೈ ಬಿಸಿ. ಥರ್ಮಾಮೀಟರ್ ಇರಲಿಲ್ಲ. ಹಣೆ ಮುಟ್ಟಿ ನೋಡಿ ಒಂದು ಪ್ಯಾರಾಸಿಟಮಾಲ್ ಕೊಟ್ಟೆವು. ಜ್ವರ ಇಳಿಯಿತು. ಇಳಿಯಿತಲ್ಲ ಅಂತ ಎಲ್ಲರೂ ಮಲಗಿದೆವು. ಡಿಸ್ಚಾರ್ಜ್ ಚೀಟಿಯ ಮೇಲಿದ್ದ ನಂಬರಿಗೆ ಮಲಗುವ ಮುಂಚೆ ಎರಡು ಸಲ ಫೋನ್ ಮಾಡಿದ್ದೆ, ಯಾರೂ ಎತ್ತಲಿಲ್ಲ. ಬೆಳಗಿನ ಜಾವ ಮೂರಕ್ಕೆ ಹಲ್ಲು ಕಟಕಟ ಅನ್ನುವಷ್ಟು ಚಳಿ. ಕಾರು ಮಾಡಿಕೊಂಡು ಆಸ್ಪತ್ರೆ ಸೇರುವಾಗ ಬೆಳಕು ಹರಿದಿತ್ತು. ಕೌಂಟ್ ತಳ ಕಂಡಿತ್ತು. ನಾಲ್ಕೈದು ದಿನ ಆಂಟಿಬಯಾಟಿಕ್ ಡ್ರಿಪ್ಪು. ಉಳಿದರು. ಆದರೆ ಆ ಆರು ಗಂಟೆ ನಾವು ಸುಮ್ನೆ ಕಳೆದುಕೊಂಡೆವು.

ಕೀಮೋ ತೆಗೆದುಕೊಳ್ಳುತ್ತಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ಅದು ತುರ್ತು. ಬೆಳಿಗ್ಗೆವರೆಗೆ ಕಾಯುವ ವಿಷಯವಲ್ಲ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರದ ಅಂಕಿ ಇಳಿಯುತ್ತದೆ, ಸೋಂಕು ಇದ್ದಲ್ಲೇ ಇರುತ್ತದೆ. ಮೊದಲು ಅಳೆದು, ಬರೆದಿಟ್ಟು, ಆಸ್ಪತ್ರೆಗೆ ಫೋನ್ ಮಾಡಿ, ಅವರು ಹೇಳಿದ ಮೇಲೆಯೇ ಮಾತ್ರೆ. ಯಾರೂ ಎತ್ತದಿದ್ದರೆ ಕಾಯದೆ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಬೇಕು, 108ಕ್ಕೆ ಕರೆ ಮಾಡಬೇಕು, ಅಲ್ಲಿ ಹೋದ ಕೂಡಲೇ "ಕೀಮೋ ನಡೀತಿದೆ, ಇವತ್ತಿಗೆ ಇಷ್ಟನೇ ದಿನ" ಅಂತ ಹೇಳಬೇಕು. ಡಿಜಿಟಲ್ ಸಾಧನ ಅಂದ ಕೂಡಲೇ ಎಲ್ಲರೂ ಆಪ್ ಅಂದುಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಎಲ್ಲದಕ್ಕಿಂತ ಮೊದಲು ಕೊಳ್ಳಬೇಕಾದ ಡಿಜಿಟಲ್ ಸಾಧನ ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್. ನಮ್ಮದು ಈಗ ದೇವರ ಗೂಡಿನ ಪಕ್ಕದಲ್ಲೇ ಇರುತ್ತದೆ, ಕತ್ತಲಲ್ಲೂ ಕೈಗೆ ಸಿಗಲಿ ಅಂತ.

ಕೇಳಿದರೆ ಆಯಸ್ಸು ಹೆಚ್ಚಿತು

ರೋಗಿಯನ್ನು ಮನೆಯಲ್ಲಿದ್ದಾಗಲೂ ಕೇಳುತ್ತಾ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಪ್ರಸಿದ್ಧ ಅಧ್ಯಯನ ಇದೆ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಡಾಕ್ಟರ್ ಈಥನ್ ಬಾಷ್ ಮತ್ತು ಅವರ ತಂಡ 2007ರಿಂದ 2011ರವರೆಗೆ 766 ರೋಗಿಗಳನ್ನು ಸೇರಿಸಿಕೊಂಡರು. ಎಲ್ಲರಿಗೂ ಕ್ಯಾನ್ಸರ್ ಮೈಯಲ್ಲಿ ಹರಡಿತ್ತು, ಕೀಮೋ ನಡೆಯುತ್ತಿತ್ತು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ. ಇನ್ನೊಂದು ಗುಂಪಿನವರು 12 ತೊಂದರೆಗಳ ಬಗ್ಗೆ ಕಂಪ್ಯೂಟರಿನಲ್ಲಿ ಆಗಾಗ ಉತ್ತರ ಕೊಡಬೇಕು: ನೋವು, ಸುಸ್ತು, ವಾಕರಿಕೆ, ವಾಂತಿ, ಭೇದಿ, ಮಲಬದ್ಧತೆ, ಹಸಿವಿಲ್ಲದಿರುವುದು, ಉಸಿರಾಟದ ತೊಂದರೆ, ಕೆಮ್ಮು, ಜೋಮು ಹೀಗೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ. ಯಾವುದಾದರೂ ಅಂಕ ಒಮ್ಮೆಲೇ ಎರಡು ಮೆಟ್ಟಿಲು ಏರಿದರೆ, ಇಲ್ಲವೇ ಮೂರು ಮುಟ್ಟಿದರೆ, ನರ್ಸಿಗೆ ತಾನಾಗೇ ಇಮೇಲ್ ಹೋಗುತ್ತಿತ್ತು. ನರ್ಸು ಫೋನ್ ಮಾಡಿ ಮಾತ್ರೆ ಬದಲಿಸುವುದೋ, ಬನ್ನಿ ಅನ್ನುವುದೋ ಮಾಡುತ್ತಿದ್ದರು. ಇಷ್ಟೇ ವ್ಯವಸ್ಥೆ. ಹೊಸ ಔಷಧಿ ಏನೂ ಇಲ್ಲ.

ಒಂದು ವರ್ಷದೊಳಗೆ ತುರ್ತು ವಿಭಾಗಕ್ಕೆ ಹೋಗಬೇಕಾಗಿ ಬಂದವರು ಎಂದಿನ ಗುಂಪಿನಲ್ಲಿ ನೂರಕ್ಕೆ 41, ಉತ್ತರ ಕೊಡುತ್ತಿದ್ದ ಗುಂಪಿನಲ್ಲಿ 34. ಕೀಮೋವನ್ನು ತಡೆದುಕೊಂಡು ಮುಂದುವರಿಸಿದ್ದು ಎಂದಿನ ಗುಂಪಿನಲ್ಲಿ ಸರಾಸರಿ 6.3 ತಿಂಗಳು, ಉತ್ತರ ಕೊಡುತ್ತಿದ್ದ ಗುಂಪಿನಲ್ಲಿ 8.2 ತಿಂಗಳು. 2017ರಲ್ಲಿ ಬದುಕಿದ ಕಾಲದ ಲೆಕ್ಕ ಪ್ರಕಟವಾಯಿತು. ನಡುವಿನ ಅಂಕಿ, ಅಂದರೆ ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದ ಕಾಲ, ಎಂದಿನ ಗುಂಪಿನಲ್ಲಿ 26 ತಿಂಗಳು, ಉತ್ತರ ಕೊಡುತ್ತಿದ್ದ ಗುಂಪಿನಲ್ಲಿ 31.2 ತಿಂಗಳು. ಐದು ತಿಂಗಳ ವ್ಯತ್ಯಾಸ. ಅದೇ ವರ್ಷ ಫ್ರಾನ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳು ವಾರಕ್ಕೊಮ್ಮೆ ಮನೆಯಿಂದ ಉತ್ತರ ಕಳಿಸುವ ಇನ್ನೊಂದು ಅಧ್ಯಯನದ ಫಲಿತಾಂಶವೂ ಬಂತು. ಅಲ್ಲಿ ಬದುಕಿದ ಕಾಲದ ನಡುವಿನ ಅಂಕಿ ಎಂದಿನ ಗುಂಪಿನಲ್ಲಿ 12 ತಿಂಗಳು, ಉತ್ತರ ಕಳಿಸುತ್ತಿದ್ದ ಗುಂಪಿನಲ್ಲಿ 19 ತಿಂಗಳು.

ನ್ಯೂಯಾರ್ಕಿನ ಅಧ್ಯಯನದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಬೇರೆ. ಆ 766 ಜನರಲ್ಲಿ 227 ಜನಕ್ಕೆ ಕಂಪ್ಯೂಟರ್ ಬಳಸಿ ಅಭ್ಯಾಸವೇ ಇರಲಿಲ್ಲ. ಅವರಲ್ಲಿ ಉತ್ತರ ಕೊಡುವ ಗುಂಪಿಗೆ ಸೇರಿದವರು ಮನೆಯಿಂದ ಏನೂ ಕಳಿಸುತ್ತಿರಲಿಲ್ಲ, ಆಸ್ಪತ್ರೆಗೆ ಬಂದಾಗ ಅಲ್ಲಿಟ್ಟಿದ್ದ ಪರದೆ ಮುಟ್ಟಿ ಉತ್ತರ ಕೊಡುತ್ತಿದ್ದರು. ಆದರೂ ಪ್ರಯೋಜನ ಜಾಸ್ತಿ ಕಂಡದ್ದು ಅವರಲ್ಲೇ. "ನಮ್ಮ ಹಳ್ಳಿಯವರಿಗೆ ಇದೆಲ್ಲ ಆಗಲ್ಲ ಬಿಡಿ" ಅನ್ನುವವರಿಗೆ ಇದನ್ನು ತಿಳಿಸಬೇಕು. ತಾವಾಗಿ ಹೇಳಿಕೊಳ್ಳುವ ರೂಢಿ ಇಲ್ಲದವರನ್ನು ಒಂದೊಂದಾಗಿ ಕೇಳಿದಾಗಲೇ ಹೆಚ್ಚು ಸಿಗುವುದು.

ಇನ್ನೊಂದು ಮುಖವನ್ನೂ ಹೇಳಬೇಕು. ಇದೇ ತಂಡ ಆಮೇಲೆ ಅಮೆರಿಕದ 52 ಕ್ಯಾನ್ಸರ್ ಕೇಂದ್ರಗಳಲ್ಲಿ 1,191 ರೋಗಿಗಳ ಜೊತೆ ಇನ್ನೂ ದೊಡ್ಡ ಅಧ್ಯಯನ ಮಾಡಿತು. ಓಡಾಡುವ ಶಕ್ತಿ, ತೊಂದರೆಗಳ ಹತೋಟಿ, ಬದುಕಿನ ಗುಣಮಟ್ಟ ಸುಧಾರಿಸಿತು. ತುರ್ತು ವಿಭಾಗಕ್ಕೆ ಓಡುವ ದಿನ ಮುಂದಕ್ಕೆ ಹೋಯಿತು. ಆಯಸ್ಸಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಇದನ್ನು ಬದುಕಿನ ದಿನ ಹೆಚ್ಚಿಸುವ ಗ್ಯಾರಂಟಿ ಅಂತ ಯಾರೂ ಮಾರಬಾರದು. ಇರುವ ದಿನಗಳು ಕಡಿಮೆ ಸಂಕಟದಲ್ಲಿ ಕಳೆಯುತ್ತವೆ ಅನ್ನುವುದಕ್ಕೆ ಮಾತ್ರ ಗಟ್ಟಿ ಆಧಾರ ಇದೆ. ನನಗೆ ಅದೇ ಸಾಕು ಅನ್ನಿಸುತ್ತದೆ.

ಪ್ರಶ್ನೆ ಯಾವ ಭಾಷೆಯಲ್ಲಿ?

ಇಂಥ ಪ್ರಶ್ನಾವಳಿಗಳನ್ನು ಕನ್ನಡಕ್ಕೆ ತರುವಾಗ ಆಗುವ ಅನಾಹುತವೇ ಬೇರೆ. ಒಂದು ಫಾರಂನಲ್ಲಿ "ನಿಮಗೆ ಬಾಹ್ಯ ನರವೇದನೆ ಇದೆಯೇ?" ಅಂತ ಇತ್ತು. ಕೇಳಿದ್ದು ಕೈಕಾಲಿನ ಜೋಮಿನ ಬಗ್ಗೆಯೇ. ಅತ್ತೆಗೆ ಓದಿ ಹೇಳಿದೆ. "ನರದ ಕಾಯಿಲೆ ನನಗ್ಯಾಕೆ ಬರತ್ತೆ?" ಅಂದರು. ಉತ್ತರ "ಇಲ್ಲ" ಅಂತ ಆಯಿತು. ಅದೇ ಪ್ರಶ್ನೆಯನ್ನು "ಕುಪ್ಪಸದ ಹುಕ್ಕು ಹಾಕೋಕೆ ಕಷ್ಟ ಆಗುತ್ತಾ? ಚಪ್ಪಲಿ ಕಾಲಿಂದ ಜಾರಿದ್ದು ಗೊತ್ತಾಗಲ್ವಾ? ಹೂ ಕಟ್ಟೋಕೆ ಆಗುತ್ತಾ?" ಅಂತ ಕೇಳಿದರೆ ಎಲ್ಲ ಹೊರಗೆ ಬರುತ್ತದೆ. ಸುಸ್ತು ಎಷ್ಟಿದೆ ಅಂತ ಸೊನ್ನೆಯಿಂದ ಹತ್ತರ ಅಂಕ ಕೇಳಿದರೆ ಅವರು ಐದು ಅನ್ನುತ್ತಾರೆ, ಯಾವಾಗ ಕೇಳಿದರೂ ಐದು. "ಇವತ್ತು ಡೈರಿವರೆಗೆ ನಡೆದುಹೋಗಿ ಬರೋಕೆ ಆಯ್ತಾ, ಮಧ್ಯೆ ಕೂತ್ಕೊಂಡ್ರಾ?" ಅಂದರೆ ನಿಜವಾದ ಉತ್ತರ ಸಿಗುತ್ತದೆ. ಭೇದಿಯೂ ಹಾಗೇ. "ಭೇದಿ ಇದೆಯಾ" ಅಂತಲ್ಲ, "ದಿನಾ ಹೋಗೋದಕ್ಕಿಂತ ಎಷ್ಟು ಸಲ ಜಾಸ್ತಿ ಹೋದ್ರಿ" ಅಂತ ಕೇಳಬೇಕು. ಡಾಕ್ಟರುಗಳು ತೀವ್ರತೆ ಅಳೆಯುವುದೂ ಹೀಗೇ: ಮಾಮೂಲಿಗಿಂತ ನಾಲ್ಕು ಸಲ ಜಾಸ್ತಿ ಆದರೆ ಎರಡನೇ ಹಂತ, ಏಳು ಸಲ ಜಾಸ್ತಿ ಆದರೆ ಮೂರನೇ ಹಂತ.

ಕೋಲಾರದ ಕಡೆ ಇನ್ನೂ ಒಂದು ವಿಷಯ ಇದೆ. ಇಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಕೆಜಿಎಫ್ ಕಡೆ ತಮಿಳು, ಬರೆಯುವುದು ಓದುವುದು ಕನ್ನಡ. ನೋವು ಹೇಳಿಕೊಳ್ಳುವುದಕ್ಕೆ ಮನೆಮಾತೇ ಬೇಕು. ಆದ್ದರಿಂದ ಟೈಪ್ ಮಾಡುವ ಆಪ್‌ಗಿಂತ ಧ್ವನಿ ಸಂದೇಶ ನಮ್ಮ ಜನಕ್ಕೆ ಹೊಂದುತ್ತದೆ. ಆ 52 ಕೇಂದ್ರಗಳ ಅಧ್ಯಯನದಲ್ಲೂ ಇಂಟರ್ನೆಟ್ ಬೇಡ ಅಂದವರಿಗೆ ತಾನಾಗೇ ಬರುವ ಫೋನ್ ಕರೆಯ ದಾರಿ ಇಟ್ಟಿದ್ದರು. ಪ್ರಶ್ನೆ ಕೇಳಿಸಿಕೊಂಡು ನಂಬರ್ ಒತ್ತಿದರಾಯಿತು. ಅದಕ್ಕೆ ಬಟನ್ ಫೋನೇ ಸಾಕು, ಓದು ಬರಹವೂ ಬೇಕಿಲ್ಲ. ಆಸ್ಪತ್ರೆಗಳು ಮೊದಲು ಮಾಡಬೇಕಾದ್ದು ಇದನ್ನೇ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ನಾವು ಮನೆಯಲ್ಲಿ ಮಾಡಿಕೊಂಡದ್ದು

ಆ ಜ್ವರದ ರಾತ್ರಿಯಾದ ಮೇಲೆ ಥರ್ಮಾಮೀಟರ್ ತಂದೆವು. ಹೂವಿನ ವಿಷಯ ಗೊತ್ತಾದ ಮೇಲೆ ಉಳಿದದ್ದನ್ನು ಮಾಡಿಕೊಂಡೆವು. ದೊಡ್ಡದೇನಲ್ಲ. ಅತ್ತೆಯ ಫೋನಿನಲ್ಲಿ ಸಂಜೆ ಏಳಕ್ಕೆ ಅಲಾರಂ. ಅದು ಹೊಡೆದಾಗ ಅವರು ಮನೆಯವರ ವಾಟ್ಸ್ಆಪ್ ಗುಂಪಿಗೆ ಒಂದು ಧ್ವನಿ ಸಂದೇಶ ಕಳಿಸುತ್ತಾರೆ. ಜ್ವರ ಎಷ್ಟು, ಊಟ ಎಷ್ಟು, ಎಷ್ಟು ಸಲ ಹೊರಗೆ ಹೋದರು, ಬಾಯಿ ಹೇಗಿದೆ, ಕೈಕಾಲು ಹೇಗಿದೆ. ಅರ್ಧ ಕನ್ನಡ, ಅರ್ಧ ತೆಲುಗು. ಅದನ್ನು ಅವರ ಮೊಮ್ಮಗಳು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಾಳೆ. ಪ್ರತಿ ಚೌಕದ ಮೂಲೆಯಲ್ಲಿ ಕೀಮೋ ಆಗಿ ಎಷ್ಟನೇ ದಿನ ಅನ್ನುವ ಅಂಕಿ. 7ರಿಂದ 14ರವರೆಗಿನ ಚೌಕಗಳಿಗೆ ಕೆಂಪು ಗೀಟು. ಡೈರಿಯಲ್ಲಿ ಹಾಲಿನ ಫ್ಯಾಟು ಬರೆಯುವ ಹಾಗೆ ದಿನಾ ಒಂದೇ ಸಾಲು.

ಆಸ್ಪತ್ರೆಗೆ ಹೋಗುವ ಹಿಂದಿನ ರಾತ್ರಿ ಆ ಕ್ಯಾಲೆಂಡರಿನ ಫೋಟೋ. ಡಾಕ್ಟರ ಮುಂದೆ ಕೂತ ಕೂಡಲೇ ಫೋನು ಅವರ ಕೈಗೆ. ಅತ್ತೆ ಆಗಲೂ "ಚೆನ್ನಾಗಿದೀನಿ ಸಾರ್" ಅಂದರು. ಆದರೆ ಡಾಕ್ಟರ ಕಣ್ಣು ಕ್ಯಾಲೆಂಡರಿನ ಮೇಲಿತ್ತು. "ಜೋಮು ಅಂತ ಹನ್ನೊಂದು ದಿನ ಬರೆದಿದ್ದೀರಲ್ಲಮ್ಮ" ಅಂದರು. ಒಂದು ಗುಂಡಿ ಬಿಚ್ಚಿ ಹಾಕಿ ತೋರಿಸಿ ಅಂದರು. ಆ ದಿನವೇ ಡೋಸು ಕಡಿಮೆ ಆಯಿತು.

ಕ್ಯಾಲೆಂಡರು ಇನ್ನೊಂದು ಕಾರಣಕ್ಕೂ ಬೇಕು. ಮಾತ್ರೆ ರೂಪದ ಕೀಮೋ ಕೂಡ ಇದೆ. ಕೆಪೆಸಿಟಬಿನ್ ಅಂತ ಒಂದು. ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಊಟವಾದ ಅರ್ಧ ಗಂಟೆಯೊಳಗೆ, 14 ದಿನ ತೆಗೆದುಕೊಂಡು 7 ದಿನ ಬಿಡುವುದು. ಬಿಪಿ, ಶುಗರ್ ಮಾತ್ರೆ ಬಿಡಬಾರದು ಅಂತ ಕಲಿತವರು ಇದನ್ನೂ ಬಿಡದೆ ನುಂಗಿಬಿಡುವ ಸಾಧ್ಯತೆ ಇದೆ. ಆ ಏಳು ದಿನದ ಬಿಡುವು ಮೈ ಸುಧಾರಿಸಿಕೊಳ್ಳಲು ಇರುವುದು. ಶುರುವಿಗೂ ಅಲಾರಂ, ನಿಲ್ಲಿಸುವ ದಿನಕ್ಕೂ ಅಲಾರಂ ಇಡಬೇಕು. ಈ ಮಾತ್ರೆಯಿಂದ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದುಂಟು. ಇದಕ್ಕೆ ಫೋಟೋದಷ್ಟು ಒಳ್ಳೆಯ ಸಾಕ್ಷಿ ಇಲ್ಲ. ಹಗಲು ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ, ದಿನವೂ ಒಂದೇ ದೂರದಿಂದ ತೆಗೆದರೆ ಏರಿಕೆ ಇಳಿಕೆ ಗೊತ್ತಾಗುತ್ತದೆ. ಬಾಯಿ ಹುಣ್ಣಿಗೂ, ಕರೆಂಟ್ ಕೊಟ್ಟ ಜಾಗದ ಚರ್ಮಕ್ಕೂ ಇದೇ. ತೂಕಕ್ಕೆ ಮನೆಯಲ್ಲಿ ಮೆಷಿನ್ ಇಲ್ಲದಿದ್ದರೆ ವಾರಕ್ಕೊಮ್ಮೆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಹೋಗಿ ನೋಡಿಸಿದರಾಯಿತು, ಯಾವಾಗಲೂ ಅದೇ ತಕ್ಕಡಿಯಲ್ಲಿ.

ಸರ್ಕಾರದ ಕಡೆಯಿಂದ ಇರುವುದು

ಉಪಕೇಂದ್ರ ಅಂದಾಗ ಇ-ಸಂಜೀವಿನಿ ನೆನಪಾಯಿತು. 2019ರ ನವೆಂಬರಿನಲ್ಲಿ ಶುರುವಾದ ಕೇಂದ್ರ ಸರ್ಕಾರದ ವ್ಯವಸ್ಥೆ. ಊರಿನ ಕೇಂದ್ರದಲ್ಲಿ ಕೂತು ಅಲ್ಲಿನ ಸಿಬ್ಬಂದಿಯ ಸಹಾಯದಿಂದ ದೂರದ ಡಾಕ್ಟರ ಜೊತೆ ವಿಡಿಯೋದಲ್ಲಿ ಮಾತಾಡಬಹುದು. ಕ್ಯಾನ್ಸರ್ ಡಾಕ್ಟರೇ ಸಿಗುತ್ತಾರೆ ಅಂತ ಇಟ್ಟುಕೊಳ್ಳಬೇಡಿ. ಆದರೆ ಮಲಬದ್ಧತೆ, ನಿದ್ದೆ ಬಾರದಿರುವುದು ಇಂಥದಕ್ಕೆ 100 ಕಿಲೋಮೀಟರ್ ಬಸ್ಸಿನಲ್ಲಿ ಹೋಗುವುದು ತಪ್ಪಬಹುದು. ಫೋನಿನಲ್ಲಿ, ವಿಡಿಯೋದಲ್ಲಿ ಡಾಕ್ಟರು ಸಲಹೆ ಕೊಡುವುದಕ್ಕೆ 2020ರ ಮಾರ್ಚಿನಿಂದ ದೇಶದಲ್ಲಿ ಸ್ಪಷ್ಟ ನಿಯಮಗಳಿವೆ. ಹಾಗಾಗಿ ನಿಮ್ಮ ಕ್ಯಾನ್ಸರ್ ಡಾಕ್ಟರನ್ನೇ "ಫೋನಿನಲ್ಲಿ ನೋಡುತ್ತೀರಾ" ಅಂತ ಕೇಳಲು ಸಂಕೋಚ ಬೇಡ.

ಆಭಾ ಅಂತ 14 ಅಂಕಿಯ ಆರೋಗ್ಯ ಗುರುತಿನ ಸಂಖ್ಯೆ ಇದೆ. ರಿಪೋರ್ಟುಗಳನ್ನು ಅದಕ್ಕೆ ಜೋಡಿಸಿಟ್ಟರೆ ಬೇರೆ ಆಸ್ಪತ್ರೆಯಲ್ಲಿ, ನೀವು ಒಪ್ಪಿಗೆ ಕೊಟ್ಟರೆ, ತೆರೆದು ನೋಡಬಹುದು. ಅದು ಇನ್ನೂ ಎಲ್ಲ ಕಡೆ ಸಲೀಸಾಗಿ ನಡೆಯುತ್ತಿಲ್ಲ. ಅಲ್ಲಿಯವರೆಗೆ ಆ ಪ್ಲಾಸ್ಟಿಕ್ ಕವರಿನ ಫೈಲಿನಲ್ಲಿರುವ ಪ್ರತಿ ಹಾಳೆಯ ಫೋಟೋ ತೆಗೆದು ಫೋನಿನಲ್ಲಿ ಒಂದು ಕಡೆ ಇಡಿ. ಅದರಲ್ಲೂ ಕೀಮೋ ಔಷಧಿಗಳ ಹೆಸರು, ಡೋಸು ಬರೆದ ಹಾಳೆ. ರಾತ್ರಿ ಜ್ವರ ಬಂದು ಬೇರೆ ಆಸ್ಪತ್ರೆಗೆ ಹೋದಾಗ ಆ ಒಂದು ಫೋಟೋ ತುಂಬಾ ಕೆಲಸ ಮಾಡುತ್ತದೆ.

ಮನಸ್ಸಿನ ಸಂಕಟವೂ ಅಡ್ಡಪರಿಣಾಮವೇ. ಕೂದಲು ಉದುರಿದ ಮೇಲೆ ಅತ್ತೆ ಎರಡು ತಿಂಗಳು ಬೀದಿಗೆ ಬರಲಿಲ್ಲ, ಯಾರ ಹತ್ತಿರವೂ ಅಳಲಿಲ್ಲ. 14416 ಅನ್ನುವ ಟೆಲಿ ಮಾನಸ್ ಸಹಾಯವಾಣಿ 2022ರಿಂದ ಇದೆ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ರೋಗಿಯಷ್ಟೇ ಅಲ್ಲ, ನೋಡಿಕೊಳ್ಳುವವರೂ ಮಾಡಬಹುದು. ನಾನು ಮಾಡಿದ್ದೇನೆ.

2025ರ ಕೇಂದ್ರ ಬಜೆಟ್ಟಿನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಡೇ ಕೇರ್ ಕ್ಯಾನ್ಸರ್ ಕೇಂದ್ರ ತರುವುದಾಗಿ ಹೇಳಿದರು. ಕೀಮೋ ಜಿಲ್ಲೆಗೇ ಬಂದರೆ ದೊಡ್ಡ ಅನುಕೂಲ. ಆದರೆ ಆಗಲೂ 20 ದಿನ ಮನೆಯಲ್ಲೇ. ಅಲ್ಲಿ ಕೀಮೋ ಹತ್ತಿಸುವ ನರ್ಸಿನ ಜೊತೆಗೆ, ಫೋನಿನಲ್ಲಿ ಕೇಳುವ ಒಬ್ಬ ನರ್ಸೂ ಇರಬೇಕು ಅಂತ ಈಗಲೇ ಒತ್ತಾಯ ಮಾಡಬೇಕು.

ಎಲ್ಲಿ ಎಡವಬಹುದು

ವಾಟ್ಸ್ಆಪ್‌ನಲ್ಲಿ ನೀಲಿ ಗೀಟು ಬಿತ್ತು ಅಂದರೆ ಡಾಕ್ಟರು ನೋಡಿ ಯೋಚಿಸಿದರು ಅಂತ ಅರ್ಥವಲ್ಲ. ರಾತ್ರಿ ಹನ್ನೊಂದಕ್ಕೆ ಕಳಿಸಿದ ಸಂದೇಶ ಬೆಳಿಗ್ಗೆ ಹತ್ತರವರೆಗೆ ಹಾಗೇ ಇರಬಹುದು. ಜ್ವರ, ಉಸಿರಾಟದ ಕಷ್ಟ, ಎದೆನೋವು, ನಿಲ್ಲದ ರಕ್ತ, ಒಂದು ಗುಟುಕು ನೀರೂ ನಿಲ್ಲದಷ್ಟು ವಾಂತಿ, ಮಾತು ತೊದಲುವುದು, ಗೊಂದಲ ಇವಕ್ಕೆ ಸಂದೇಶ ಸಾಲದು. ಕರೆ ಮಾಡಬೇಕು, ಹೊರಡಬೇಕು. ಆಸ್ಪತ್ರೆಯವರು ಯಾವುದೇ ಆಪ್ ಹಾಕಿಕೊಳ್ಳಿ ಅಂದರೆ ನಾನು ಮೊದಲು ಕೇಳುವುದು ಇದನ್ನೇ: ನಾವು ಬರೆದದ್ದನ್ನು ಯಾರು ಓದುತ್ತಾರೆ, ಎಷ್ಟು ಹೊತ್ತಿನಲ್ಲಿ, ಭಾನುವಾರ ಯಾರು? ಉತ್ತರ ಇಲ್ಲದಿದ್ದರೆ ಆ ಆಪ್ ಎಷ್ಟು ಚೆಂದ ಇದ್ದರೂ ನಮಗೆ ಉಪಯೋಗವಿಲ್ಲ. ನ್ಯೂಯಾರ್ಕಿನಲ್ಲಿ ಕೆಲಸ ಮಾಡಿದ್ದು ಪರದೆಯ ಹಿಂದೆ ಕೂತಿದ್ದ ನರ್ಸು.

ಫೋನು ಯಾರ ಹತ್ತಿರ ಇರುತ್ತದೆ ಅನ್ನುವುದೂ ಪ್ರಶ್ನೆಯೇ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಒಂದೇ ಸ್ಮಾರ್ಟ್‌ಫೋನು, ಅದು ಮಗನ ಜೇಬಿನಲ್ಲಿ, ಮಗ ತೋಟದಲ್ಲಿ. ಗರ್ಭಕಂಠದ ಕ್ಯಾನ್ಸರಿನ ಹೆಣ್ಣುಮಗಳು ತನ್ನ ರಕ್ತಸ್ರಾವದ ಬಗ್ಗೆ ಮಗನ ಫೋನಿನಲ್ಲಿ ಬರೆಯುತ್ತಾಳಾ? ಬರೆಯುವುದಿಲ್ಲ. ಅಂಥವರಿಗೆ ಆಶಾ ಕಾರ್ಯಕರ್ತೆಯೋ, ಮಗಳೋ, ಸೊಸೆಯೋ ಮಧ್ಯೆ ಇರಬೇಕು. ಗುಟ್ಟು ಉಳಿಯಬೇಕು. ಊರಿನ ಗುಂಪುಗಳಿಗೆ ರಿಪೋರ್ಟ್ ಹಾಕಿ "ಯಾರಾದ್ರೂ ಹೇಳಿ" ಅನ್ನುವುದು ಬೇಡವೇ ಬೇಡ.

ಇನ್ನು ಫಾರ್ವರ್ಡ್‌ಗಳು. ಲಕ್ಷ್ಮಣ ಫಲ ತಿಂದರೆ ಕ್ಯಾನ್ಸರ್ ಹೋಗುತ್ತದೆ ಅನ್ನುವುದು ನಮ್ಮ ಮನೆಗೆ ಕನಿಷ್ಠ ಇಪ್ಪತ್ತು ಸಲ ಬಂದಿದೆ. ಮನುಷ್ಯರಲ್ಲಿ ಅದಕ್ಕೆ ಆಧಾರ ಇಲ್ಲ. ಕಳಿಸುವವರು ಪ್ರೀತಿಯಿಂದಲೇ ಕಳಿಸುತ್ತಾರೆ, ಅದಕ್ಕೇ ಕಷ್ಟ. ಕಷಾಯ, ಪುಡಿ ಏನೇ ಕೊಡುತ್ತಿದ್ದರೂ ಅದನ್ನೂ ಕ್ಯಾಲೆಂಡರಿನಲ್ಲಿ ಬರೆದು ಡಾಕ್ಟರಿಗೆ ತೋರಿಸಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಕೆಲವು ಔಷಧಿಯ ಕೆಲಸವನ್ನೇ ಕೆಡಿಸಬಹುದು, ಲಿವರಿಗೆ ಹೊರೆಯಾಗಬಹುದು.

ಅತ್ತೆಯ ಕೀಮೋ ಮುಗಿದಿದೆ. ಏಳು ಗಂಟೆಯ ಅಲಾರಂ ಮಾತ್ರ ತೆಗೆದಿಲ್ಲ. ಈಗಲೂ ಧ್ವನಿ ಸಂದೇಶ ಬರುತ್ತದೆ. ಅದರಲ್ಲಿ ಜ್ವರದ ಮಾತಿಗಿಂತ ದನದ ಮಾತು, ಮಾವಿನ ಹೂವಿನ ಮಾತು ಜಾಸ್ತಿ. ಜೋಮು ಕಾಲಿನಲ್ಲಿ ಹೋಗಿದೆ, ಬೆರಳಿನಲ್ಲಿ ಸ್ವಲ್ಪ ಉಳಿದಿದೆ. ಸೇವಂತಿಗೆ ತೊಟ್ಟು ದಪ್ಪ, ಅದನ್ನು ಕಟ್ಟುತ್ತಾರೆ. ಕನಕಾಂಬರ ಇನ್ನೂ ಕೈಗೆ ಸಿಗುತ್ತಿಲ್ಲ ಅಂತ ಹೋದ ವಾರ ಹೇಳಿದರು. ಮೊಮ್ಮಗಳು ಅದನ್ನೂ ಬರೆದಿಟ್ಟಿದ್ದಾಳೆ.